ಆಟಕ್ಕುಂಟು, ಲೆಕ್ಕಕ್ಕೂ ಉಂಟು

ಟಿವಿಯಲ್ಲಿ ಬೌಲರ್ ಹೆಸರು ಬರುವಾಗ ‘ಜೆ. ಶ್ರೀನಾಥ್’ ಅಂತಷ್ಟೇ ಇರುತ್ತಿತ್ತು. ಆ ‘ಜೆ’ ಅಂದ್ರೆ ಒಂದು ಊರು ಅಂತ ದೇಶದ ಎಷ್ಟೋ ಜನಕ್ಕೆ ಗೊತ್ತಿರಲಿಕ್ಕಿಲ್ಲ. ನಮಗೆ ಗೊತ್ತಿತ್ತು, ಯಾಕಂದ್ರೆ ಅದು ನಮ್ಮೂರು. ಅರಸೀಕೆರೆ ತಾಲ್ಲೂಕಿನ ಜಾವಗಲ್. ಬಾಣಾವರದಿಂದ ಹಳೇಬೀಡಿನ ಕಡೆ ಹೋಗುವ ದಾರಿಯಲ್ಲಿ ಸಿಗುವ ಹೋಬಳಿ. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಸ್ಥಾನ, ದೂರದೂರದಿಂದ ಜನ ಬರುವ ದರ್ಗಾ, ಸುತ್ತ ತೆಂಗಿನ ತೋಟ, ರಾಗಿ ಹೊಲ. ಬೇರೆ ಊರಲ್ಲಿ ಯಾರಾದರೂ ‘ನಿಮ್ಮದು ಯಾವೂರು?’ ಅಂತ ಕೇಳಿದರೆ ಉತ್ತರ ಕೇಳಿದ ಮೇಲೆ ಅವರು ಕೇಳುವ ಎರಡನೇ ಪ್ರಶ್ನೆ ಇವತ್ತಿಗೂ ಒಂದೇ: ‘ಓ, ಶ್ರೀನಾಥ್ ಊರಾ?’

ಹೌದು ಅಂತ ತಲೆಯಾಡಿಸುತ್ತೇವೆ. ಆದರೆ ನಿಜ ಹೇಳಬೇಕು ಅಂದ್ರೆ ಜಾವಗಲ್ ಅವರ ಕುಟುಂಬದ ಮೂಲ ಊರು. ಅವರು ಹುಟ್ಟಿದ್ದು 1969ರ ಆಗಸ್ಟ್ 31ರಂದು, ಮೈಸೂರಿನಲ್ಲಿ. ಓದಿದ್ದು ಮರಿಮಲ್ಲಪ್ಪ ಹೈಸ್ಕೂಲಿನಲ್ಲಿ, ಆಮೇಲೆ ಎಸ್‌ಜೆಸಿಇಯಲ್ಲಿ ಇನ್‌ಸ್ಟ್ರುಮೆಂಟೇಷನ್ ಎಂಜಿನಿಯರಿಂಗ್. ಎಂಜಿನಿಯರಿಂಗ್ ಮುಗಿಸಿದವರೆಲ್ಲ ಬೇರೆ ಕೆಲಸ ಮಾಡ್ತಾರೆ ಅನ್ನೋ ಜೋಕು ನಮ್ಮ ಆಫೀಸಿನಲ್ಲಿ ದಿನಾ ಕೇಳ್ತೀನಿ. ಅದಕ್ಕೆ ಇಷ್ಟು ಒಳ್ಳೆಯ ಉದಾಹರಣೆ ಇನ್ನೊಂದಿಲ್ಲ.

ಇದನ್ನೆಲ್ಲ ಈಗ ಯಾಕೆ ಎತ್ತಿದೆ ಅಂದ್ರೆ, ಬೆಂಗಳೂರಿನಲ್ಲಿರುವ ನನ್ನಕ್ಕ ಹೋದ ವರ್ಷ ಫೋನ್ ಮಾಡಿ, ‘ಮಗನ್ನ ಕ್ರಿಕೆಟ್ ಅಕಾಡೆಮಿಗೆ ಹಾಕಿದೀವಿ ಕಣೋ. ಈಗ್ಲೇ ಶುರು ಮಾಡ್ಲಿಲ್ಲ ಅಂದ್ರೆ ಲೇಟಾಗುತ್ತಂತೆ’ ಅಂದಳು. ಹುಡುಗನಿಗೆ ಆಗ ಎಂಟು ವರ್ಷ. ನಿಮ್ಮ ಮನೆಯಲ್ಲೂ, ಪಕ್ಕದ ಫ್ಲ್ಯಾಟಿನಲ್ಲೂ ಈ ಮಾತು ಬಂದಿರುತ್ತೆ. ಕ್ರಿಕೆಟ್ ಅಲ್ಲದಿದ್ದರೆ ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್. ಎಂಟಕ್ಕೆ ಲೇಟು ಅಂದ್ರೆ ಏನರ್ಥ? ಆ ‘ಲೇಟು’ ಅನ್ನೋ ಪದದ ಹಿಂದೆ ಬಿದ್ದು, ಕೆಲಸ ಮುಗಿಸಿ ರಾತ್ರಿ ಓದಿದ್ದನ್ನ, ನೋಡಿದ್ದನ್ನ ಇಲ್ಲಿ ಬರೀತಿದ್ದೀನಿ.

ಒಂದೇ ಹೆದ್ದಾರಿಯ ಮೂರು ಹೆಸರು

ಮೊದಲು ನಮ್ಮ ಸುತ್ತಮುತ್ತಲಿನದೇ ಲೆಕ್ಕ ತೆಗೆಯೋಣ. ಅರಸೀಕೆರೆ, ಬಾಣಾವರ, ಕಡೂರು, ಇವು ಒಂದೇ ಹೆದ್ದಾರಿ, ಒಂದೇ ರೈಲು ಹಳಿಯ ಮೇಲಿರುವ ಊರುಗಳು. ಬಾಣಾವರದಲ್ಲಿ ಎಡಕ್ಕೆ ತಿರುಗಿದರೆ ಜಾವಗಲ್. ಇಷ್ಟು ಸಣ್ಣ ಜಾಗಕ್ಕೆ ಸಂಬಂಧಪಟ್ಟ ಮೂವರು ಭಾರತಕ್ಕೆ ಆಡಿದ್ದಾರೆ. ಶ್ರೀನಾಥ್ ಒಬ್ಬರು. ಎರಡನೆಯವರು ಡೇವಿಡ್ ಜಾನ್ಸನ್, ಹುಟ್ಟಿದ್ದು ಅರಸೀಕೆರೆಯಲ್ಲಿ, 1971ರ ಅಕ್ಟೋಬರ್ 16ರಂದು. ಮೂರನೆಯವರು ಕಡೂರಿನ ವೇದಾ ಕೃಷ್ಣಮೂರ್ತಿ, ಹುಟ್ಟಿದ್ದು 1992ರಲ್ಲಿ. ತಮಾಷೆ ಅಂದ್ರೆ ಅವರದೂ ಅಕ್ಟೋಬರ್ 16.

ಶ್ರೀನಾಥ್ ಕರ್ನಾಟಕದ ಪರ ಮೊದಲ ರಣಜಿ ಪಂದ್ಯ ಆಡಿದ್ದು 1989–90ರ ಋತುವಿನಲ್ಲಿ, ಹೈದರಾಬಾದ್ ವಿರುದ್ಧ. ಆಗ ವಯಸ್ಸು 20. ಮೊದಲ ಇನ್ನಿಂಗ್ಸ್‌ನಲ್ಲೇ ಹ್ಯಾಟ್ರಿಕ್. ಕ್ಲಬ್ ಪಂದ್ಯವೊಂದರಲ್ಲಿ ಅವರ ಬೌಲಿಂಗ್ ನೋಡಿ ರಾಜ್ಯ ತಂಡದ ಕಡೆ ಕೈ ಹಿಡಿದು ತಂದವರು ಜಿ.ಆರ್. ವಿಶ್ವನಾಥ್. 1991ರ ಅಕ್ಟೋಬರ್‌ನಲ್ಲಿ ಶಾರ್ಜಾದಲ್ಲಿ ಮೊದಲ ಏಕದಿನ ಪಂದ್ಯ, ನವೆಂಬರ್‌ನಲ್ಲಿ ಬ್ರಿಸ್ಬೇನ್‌ನಲ್ಲಿ ಮೊದಲ ಟೆಸ್ಟ್. ತವರಿನ ನೆಲದಲ್ಲಿ ಟೆಸ್ಟ್ ಆಡಲು ಮಾತ್ರ 1994ರವರೆಗೆ ಕಾಯಬೇಕಾಯ್ತು, ಯಾಕಂದ್ರೆ ಇಲ್ಲಿ ಸ್ಪಿನ್ನರ್‌ಗಳದೇ ರಾಜ್ಯಭಾರ. ನಿವೃತ್ತಿಯಾದಾಗ 67 ಟೆಸ್ಟ್‌ಗಳಲ್ಲಿ 236 ವಿಕೆಟ್, 229 ಏಕದಿನ ಪಂದ್ಯಗಳಲ್ಲಿ 315 ವಿಕೆಟ್. ಹದಿನೆಂಟಕ್ಕೇ ಐಪಿಎಲ್ ಹರಾಜಿನಲ್ಲಿ ಹೆಸರು ಬರದಿದ್ದರೆ ಕಥೆ ಮುಗೀತು ಅಂದುಕೊಳ್ಳುವ ಇವತ್ತಿನ ಅಳತೆಯಲ್ಲಿ, ಇದು ಬಹಳ ನಿಧಾನದ ಗಾಡಿ.

ವೇದಾ ಅವರದು ಇನ್ನೂ ಸ್ವಾರಸ್ಯ. ಕಡೂರಿನಲ್ಲಿ ಬೀದಿಯ ಹುಡುಗರ ಜೊತೆ ಕ್ರಿಕೆಟ್ ಆಡಿಕೊಂಡಿದ್ದ ಹುಡುಗಿ, ಕ್ರಮವಾಗಿ ಕಲಿಯುತ್ತಿದ್ದದ್ದು ಕರಾಟೆ. ಹನ್ನೆರಡರ ಹೊತ್ತಿಗೆ ಬ್ಲ್ಯಾಕ್ ಬೆಲ್ಟ್. ಕ್ರಿಕೆಟ್ ತರಬೇತಿಗೆ ಅಂತ ಬೆಂಗಳೂರಿಗೆ ಬಂದದ್ದು 2005ರಲ್ಲಿ, ಹದಿಮೂರರ ಆಸುಪಾಸಿನಲ್ಲಿ. 2011ರಲ್ಲಿ, ಹದಿನೆಂಟನೇ ವಯಸ್ಸಿಗೆ ಇಂಗ್ಲೆಂಡ್ ವಿರುದ್ಧ ಮೊದಲ ಏಕದಿನ ಪಂದ್ಯದಲ್ಲೇ ಅರ್ಧಶತಕ. 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 45 ಎಸೆತಕ್ಕೆ 70 ಹೊಡೆದದ್ದು ನಿಮಗೆ ನೆನಪಿರಬಹುದು. ನನಗೆ ಆ ಇನ್ನಿಂಗ್ಸ್ ನೋಡುವಾಗಲೆಲ್ಲ ಆ ಕಾಲು ಚಲನೆಯಲ್ಲಿ ಕರಾಟೆ ಕಂಡಹಾಗೆ ಆಗುತ್ತೆ. ಅದು ನನ್ನ ಕಲ್ಪನೆಯೇ ಇರಬಹುದು. ಆದರೆ ಹನ್ನೆರಡು ವರ್ಷದವರೆಗೆ ಸಮತೋಲನ, ಒತ್ತಡ, ಎದುರಾಳಿಯ ಮೈಭಾಷೆ ಓದುವುದು ಇವನ್ನೆಲ್ಲ ಬೇರೆ ಕಡೆ ಕಲಿತು ಬಂದ ಮಗು, ಬ್ಯಾಟ್ ಹಿಡಿದಾಗ ಸೊನ್ನೆಯಿಂದ ಶುರು ಮಾಡೋದಿಲ್ಲ ಅನ್ನೋದಂತೂ ಕಲ್ಪನೆಯಲ್ಲ.

ಇನ್ನೊಂದು ಉದಾಹರಣೆ ನಮ್ಮ ರಾಜ್ಯದ್ದೇ: ಅಭಿಮನ್ಯು ಮಿಥುನ್. ಹದಿನೇಳರವರೆಗೆ ಲೆದರ್ ಬಾಲಿನಲ್ಲಿ ಬೌಲಿಂಗ್ ಮಾಡಿದವರೇ ಅಲ್ಲ. ಡಿಸ್ಕಸ್ ಎಸೆಯುತ್ತಿದ್ದರು. 2009–10ರಲ್ಲಿ ಉತ್ತರ ಪ್ರದೇಶದ ವಿರುದ್ಧ ಮೊದಲ ರಣಜಿ ಪಂದ್ಯದಲ್ಲೇ ಹ್ಯಾಟ್ರಿಕ್ ಸೇರಿ 11 ವಿಕೆಟ್, ಆ ಋತುವಿಗೆ 47 ವಿಕೆಟ್, 2010ರಲ್ಲಿ ಟೆಸ್ಟ್ ಕ್ಯಾಪ್. ರಾಹುಲ್ ದ್ರಾವಿಡ್ ಶಾಲೆಯಲ್ಲಿ ಹಾಕಿ ಆಡಿದವರು, ಕ್ರಿಕೆಟ್‌ನಲ್ಲಿ ವಿಕೆಟ್ ಕೀಪರ್ ಆಗಿ ಶುರು ಮಾಡಿದವರು. ಆ ಹಳೇ ವಿದ್ಯೆ 2003ರ ವಿಶ್ವಕಪ್‌ನಲ್ಲಿ ಇಡೀ ತಂಡಕ್ಕೆ ಉಪಯೋಗಕ್ಕೆ ಬಂತು. ಅನಿಲ್ ಕುಂಬ್ಳೆ ಹುಡುಗನಾಗಿದ್ದಾಗ ವೇಗದ ಬೌಲರ್. ಅಣ್ಣನ ಮಾತು ಕೇಳಿ ಲೆಗ್‌ಸ್ಪಿನ್‌ಗೆ ತಿರುಗಿದ ಮೇಲೂ ಆ ವೇಗ ಕೈಯಲ್ಲೇ ಉಳಿಯಿತು. ಅದರಿಂದ ಬ್ಯಾಟ್ಸ್‌ಮನ್‌ಗಳು ಏನೇನು ಅನುಭವಿಸಿದರು ಅನ್ನೋದು 619 ಟೆಸ್ಟ್ ವಿಕೆಟ್‌ಗಳ ಕಥೆ.

10,000 ಗಂಟೆ ಅನ್ನೋ ಪುಕಾರು

‘ಈಗಲೇ ಶುರು ಮಾಡಿ’ ಅನ್ನೋ ಮಾತಿನ ಹಿಂದೆ ಒಂದು ಸಂಖ್ಯೆ ಇದೆ. ನೀವೂ ಕೇಳಿರ್ತೀರಿ, 10,000 ಗಂಟೆ. ಅದರ ಮೂಲ 1993ರ ಒಂದು ಪ್ರಬಂಧ. ಆಂಡರ್ಸ್ ಎರಿಕ್‌ಸನ್ ಮತ್ತು ಜೊತೆಗಾರರು ಬರ್ಲಿನ್‌ನ ಸಂಗೀತ ಶಾಲೆಯ ಪಿಟೀಲು ವಿದ್ಯಾರ್ಥಿಗಳನ್ನು ಕೇಳಿ ನೋಡಿದಾಗ, ಅತ್ಯುತ್ತಮರು ಇಪ್ಪತ್ತನೇ ವಯಸ್ಸಿಗೆ ಸರಾಸರಿ ಅಷ್ಟು ಗಂಟೆ ಒಂಟಿಯಾಗಿ ಅಭ್ಯಾಸ ಮಾಡಿದ್ದರು. 2008ರಲ್ಲಿ ಮಾಲ್ಕಂ ಗ್ಲಾಡ್‌ವೆಲ್ ತಮ್ಮ ಪುಸ್ತಕದಲ್ಲಿ ಅದನ್ನೊಂದು ನಿಯಮದ ಹಾಗೆ ಬರೆದರು. ಅಲ್ಲಿಂದ ಅದು ಎಲ್ಲ ಕೋಚಿಂಗ್ ಕರಪತ್ರಕ್ಕೂ ಹತ್ತಿಕೊಂಡಿತು. ನನ್ನ ಅಧ್ಯಯನವನ್ನು ಹೀಗೆ ಓದುವುದು ತಪ್ಪು ಅಂತ ಸ್ವತಃ ಎರಿಕ್‌ಸನ್ನೇ ಆಮೇಲೆ ಹೇಳಬೇಕಾಯ್ತು.

ಪಿಟೀಲು ನುಡಿಸುವವನ ಎದುರು ಯಾರೂ ತಂತಿ ಕಿತ್ತುಕೊಳ್ಳಲು ನಿಂತಿರೋದಿಲ್ಲ. ತಂಡದ ಆಟದಲ್ಲಿ ಹನ್ನೊಂದು ಜನ ನಿಂತಿರ್ತಾರೆ. ಚೆಂಡು ಎಲ್ಲಿ ಬೀಳುತ್ತೆ, ಗೆಳೆಯ ಯಾವ ಕಡೆ ಓಡ್ತಾನೆ, ಎದುರಾಳಿ ಏನು ನಟನೆ ಮಾಡ್ತಿದ್ದಾನೆ, ಇದನ್ನೆಲ್ಲ ಅರೆಗಳಿಗೆಯಲ್ಲಿ ಓದಬೇಕು. ಓದುವುದನ್ನು ಕಲಿಸುವುದು ಸಾಲಾಗಿ ನಿಂತು ಮಾಡುವ ಡ್ರಿಲ್‌ಗಿಂತ ಆಟವೇ.

ಕೆನಡಾದ ಸಂಶೋಧಕ ಜೀನ್ ಕೋಟೆ ಇದನ್ನು 1990ರ ದಶಕದ ಕೊನೆಯಿಂದ ಹೇಳುತ್ತಾ ಬಂದಿದ್ದಾರೆ. ಅವರು ಎರಡನ್ನು ಬೇರ್ಪಡಿಸುತ್ತಾರೆ. ಒಂದು, ಕೋಚ್ ನಿಂತು, ತಪ್ಪು ತಿದ್ದಿ, ಸುಧಾರಣೆಗೆಂದೇ ಮಾಡಿಸುವ ಅಭ್ಯಾಸ. ಇನ್ನೊಂದು, ಮಕ್ಕಳೇ ನಿಯಮ ಮಾಡಿಕೊಂಡು, ಖುಷಿಗೆಂದೇ ಆಡುವ ಆಟ. ಅವರ ಮಾದರಿಯ ಪ್ರಕಾರ ಸುಮಾರು 6ರಿಂದ 12ರವರೆಗೆ ಹಲವು ಆಟಗಳ ರುಚಿ ನೋಡಬೇಕು, 13ರಿಂದ 15ರಲ್ಲಿ ಒಂದೆರಡಕ್ಕೆ ಇಳಿಸಿಕೊಳ್ಳಬೇಕು, 16ರ ನಂತರ ಒಂದಕ್ಕೆ ಪೂರ್ತಿ ಬಂಡವಾಳ ಹಾಕಬೇಕು. ಜಿಮ್ನಾಸ್ಟಿಕ್ಸ್‌ನಂಥ, ಎಳೇ ವಯಸ್ಸಿನಲ್ಲೇ ಶಿಖರ ಮುಟ್ಟುವ ಕ್ರೀಡೆಗೆ ಈ ಲೆಕ್ಕ ಹೊಂದೋದಿಲ್ಲ ಅಂತಲೂ ಅವರೇ ಹೇಳ್ತಾರೆ.

ಎಲ್ಲರೂ ಇದನ್ನು ಒಪ್ಪುತ್ತಾರೆ ಅಂತಲ್ಲ. ಇಂಗ್ಲೆಂಡ್‌ನ ಫುಟ್‌ಬಾಲ್ ಹುಡುಗರನ್ನು ನೋಡಿದ ಪಾಲ್ ಫೋರ್ಡ್, ಮಾರ್ಕ್ ವಿಲಿಯಮ್ಸ್ ಮೊದಲಾದವರು 2009ರಲ್ಲಿ ಸ್ವಲ್ಪ ಬೇರೆ ಚಿತ್ರ ಕೊಟ್ಟರು: ಮುಂದೆ ವೃತ್ತಿಪರರಾದವರು ಚಿಕ್ಕಂದಿನಲ್ಲಿ ಹತ್ತಾರು ಕ್ರೀಡೆ ಆಡಿದವರಲ್ಲ, ಆದರೆ ಬೀದಿಯಲ್ಲಿ, ಪಾರ್ಕಿನಲ್ಲಿ, ಕೋಚ್ ಇಲ್ಲದೆ ಫುಟ್‌ಬಾಲನ್ನೇ ಬೇಕಾದಷ್ಟು ಆಡಿದವರು. ಜರ್ಮನಿಯ ರಾಷ್ಟ್ರೀಯ ತಂಡದ ಫುಟ್‌ಬಾಲಿಗರ ಬಗ್ಗೆ ನಂತರ ಬಂದ ಅಧ್ಯಯನದಲ್ಲೂ ಬಾಲ್ಯದ ಬಿಡಿ ಆಟ ಹೆಚ್ಚು, ಅದರ ಮೇಲೆ ಹದಿಹರೆಯದಲ್ಲಿ ಬೇರೆ ಕ್ರೀಡೆಗಳ ಸಹವಾಸವೂ ಹೆಚ್ಚು. ಒಂದೇ ಆಟವೋ ಹಲವು ಆಟವೋ ಅನ್ನೋದರಲ್ಲಿ ಜಗಳ ಇದೆ. ಕೋಚ್ ಇಲ್ಲದ ಆಟ ಬೇಕು ಅನ್ನೋದರಲ್ಲಿ ಅಷ್ಟು ಜಗಳ ಇಲ್ಲ.

ಎಲ್ಲಕ್ಕಿಂತ ನನ್ನ ತಲೆ ತಿರುಗಿಸಿದ್ದು ಆರ್ನೆ ಗ್ಯುಲಿಖ್ ತಂಡದ 2022ರ ವಿಶ್ಲೇಷಣೆ. 51 ಅಧ್ಯಯನಗಳನ್ನು ಒಟ್ಟು ಹಾಕಿ 6,096 ಕ್ರೀಡಾಪಟುಗಳ ಲೆಕ್ಕ ತೆಗೆದರು. ಅದರಲ್ಲಿ 772 ಮಂದಿ ವಿಶ್ವದ ಅಗ್ರಸಾಲಿನವರು. ಕಿರಿಯರ ಮಟ್ಟದಲ್ಲಿ ಗೆಲ್ಲುವವರು ಬೇಗ ಶುರು ಮಾಡಿ, ಒಂದೇ ಆಟವನ್ನು ಹೆಚ್ಚು ಅಭ್ಯಾಸ ಮಾಡಿದವರು. ಸರಿ, ನಿರೀಕ್ಷೆಯಂತೆಯೇ ಇದೆ. ಆದರೆ ದೊಡ್ಡವರಾದ ಮೇಲೆ ವಿಶ್ವ ಮಟ್ಟ ಮುಟ್ಟಿದವರನ್ನು ರಾಷ್ಟ್ರ ಮಟ್ಟದಲ್ಲೇ ಉಳಿದವರ ಜೊತೆ ಹೋಲಿಸಿದರೆ ಲೆಕ್ಕ ಉಲ್ಟಾ: ತಮ್ಮ ಮುಖ್ಯ ಆಟವನ್ನು ತಡವಾಗಿ ಶುರು ಮಾಡಿದ್ದರು, ಬಾಲ್ಯದಲ್ಲಿ ಬೇರೆ ಕ್ರೀಡೆಗಳನ್ನು ಹೆಚ್ಚು ಆಡಿದ್ದರು, ಆರಂಭದ ಪ್ರಗತಿ ನಿಧಾನವಾಗಿತ್ತು. ಅಂದ್ರೆ 14 ವರ್ಷದೊಳಗಿನವರ ಕಪ್ ಗೆಲ್ಲಿಸಿಕೊಡುವ ಸೂತ್ರ ಬೇರೆ, 24ರಲ್ಲಿ ಆಟಗಾರನಾಗಿ ಉಳಿಸುವ ಸೂತ್ರ ಬೇರೆ. ಅಕಾಡೆಮಿಯ ಗೋಡೆ ಮೇಲೆ ಫೋಟೋ ಬೀಳೋದು ಮೊದಲನೆಯದಕ್ಕೆ.

ತೆಂಗಿನ ಮಟ್ಟೆ ಕಲಿಸುವುದು

ನಮ್ಮ ಕಡೆ ಬ್ಯಾಟು ಅಂದ್ರೆ ಮೊದಲು ತೆಂಗಿನ ಮಟ್ಟೆ. ಒಣಗಿದ ಮಟ್ಟೆಯ ಬುಡ ಕತ್ತರಿಸಿ, ಹಿಡಿ ಕೆತ್ತಿಕೊಂಡರೆ ಆಯ್ತು. ಅದರ ಮುಖ ಚಪ್ಪಟೆ ಇರೋದಿಲ್ಲ, ಬೆನ್ನು ಉಬ್ಬಿರುತ್ತೆ. ಚೆಂಡನ್ನು ಸರಿಯಾಗಿ ಮಧ್ಯಕ್ಕೆ ತಗುಲಿಸದಿದ್ದರೆ ಎತ್ತಲಾಗೋ ಹಾರುತ್ತೆ. ರಾಗಿ ಕಟಾವಾದ ಹೊಲದಲ್ಲಿ ಕೂಳೆ ನಡುವೆ ಪಿಚ್. ಚೆಂಡು ಕೂಳೆಗೆ ತಾಗಿದರೆ ನುಗ್ಗುತ್ತೆ, ಹೆಂಟೆಗೆ ತಾಗಿದರೆ ಮುಖಕ್ಕೆ ಏಳುತ್ತೆ. ಇದರಲ್ಲಿ ಹತ್ತು ರನ್ ಮಾಡಿದವನಿಗೆ ‘ಕೊನೇ ಕ್ಷಣದವರೆಗೂ ಚೆಂಡು ನೋಡು’ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ನಿಯಮಗಳೂ ಜಾಗ ನೋಡಿ ಹುಟ್ಟುತ್ತವೆ. ಆಫ್ ಸೈಡಿನಲ್ಲಿ ಬಾವಿ ಇದ್ದರೆ ಆ ಕಡೆ ಹೊಡೆದವನು ಔಟ್, ಚೆಂಡೂ ಅವನೇ ತರಬೇಕು. ತೋಟದ ಬೇಲಿ ಆಚೆ ಹೋದರೆ ಔಟ್. ಒನ್ ಪಿಚ್ ಕ್ಯಾಚ್ ಔಟ್. ಜನ ಬೆಸ ಸಂಖ್ಯೆ ಬಂದರೆ ಒಬ್ಬ ಎರಡೂ ಕಡೆ ಆಡ್ತಾನೆ. ಹೊಡೆತವನ್ನು ನೆಲಕ್ಕೆ ಒತ್ತಿ ಲೆಗ್ ಸೈಡಿನ ಸಂದಿಗೆ ತಳ್ಳುವ ಕೌಶಲ ಬಾವಿಯ ದೆಸೆಯಿಂದ ಬರುತ್ತೆ. ಕ್ರೀಡಾ ವಿಜ್ಞಾನಿಗಳು ಇವತ್ತು ಜಾಗ ಕಿರಿದು ಮಾಡಿ, ನಿಯಮ ಬದಲಿಸಿ, ಚೆಂಡು ಬದಲಿಸಿ ತರಬೇತಿ ಕೊಡಿ ಅಂತ ಹೇಳುವುದು ಇದನ್ನೇ. ಬಾವಿ ಮಾತ್ರ ಇರೋದಿಲ್ಲ.

ಇನ್ನೊಂದು, ಎಲ್ಲ ವಯಸ್ಸಿನವರೂ ಒಟ್ಟಿಗೆ. ಹತ್ತು ವರ್ಷದವನಿಗೆ ಹದಿನೇಳರ ಅಣ್ಣ ಬೌಲಿಂಗ್ ಮಾಡ್ತಾನೆ. ಐದು ವರ್ಷದ ಪುಟ್ಟ ‘ಆಟಕ್ಕುಂಟು ಲೆಕ್ಕಕ್ಕಿಲ್ಲ’: ಅವನಿಗೂ ಒಂದು ಬಾಲ್ ಹಾಕ್ತಾರೆ, ಔಟಾದರೂ ಔಟಲ್ಲ. ಆ ಗಾದೆಯನ್ನು ನಾವು ಬೈಗುಳದ ಹಾಗೆ ಬಳಸ್ತೀವಿ. ನನಗೆ ಈಗ ಅದು ನಮ್ಮ ಹಿರಿಯರು ಕಂಡುಕೊಂಡ ಒಳ್ಳೆಯ ಪ್ರವೇಶ ಪದ್ಧತಿ ಅನ್ನಿಸುತ್ತೆ. ಸೋಲಿನ ಭಯ ಇಲ್ಲದೆ ಎರಡು ವರ್ಷ ದೊಡ್ಡವರ ಆಟದೊಳಗೆ ನಿಂತು ನೋಡುವ ಅವಕಾಶ. ಕೊಡಗಿನಲ್ಲಿ ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ 60 ಕುಟುಂಬಗಳ ತಂಡಗಳಿಂದ ಶುರು ಮಾಡಿದ ಕೊಡವ ಹಾಕಿ ಹಬ್ಬ 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಕ್ಕೆ ಮುಟ್ಟಿತು. ಅಲ್ಲಿ ಒಂದೇ ತಂಡದಲ್ಲಿ ಅಜ್ಜ, ಸೊಸೆ, ಮೊಮ್ಮಗ ಎಲ್ಲ ಇರಬಹುದು. ಅಷ್ಟು ಸಣ್ಣ ಜಿಲ್ಲೆಯಿಂದ ಅಷ್ಟೊಂದು ಹಾಕಿ ಆಟಗಾರರು ಹೇಗೆ ಬಂದರು ಅನ್ನೋ ಪ್ರಶ್ನೆಗೆ ಕೋಚ್‌ಗಳಿಗಿಂತ ಮೊದಲು ಆ ಅಂಗಳಗಳನ್ನು ನೋಡಬೇಕು.

ಬೀದಿ ಆಟದಲ್ಲಿ ಯಾರೂ ಬರೀ ಬೌಲರ್ ಅಲ್ಲ. ಎಲ್ಲರಿಗೂ ಬ್ಯಾಟಿಂಗ್ ಬೇಕು, ಇಲ್ಲದಿದ್ದರೆ ಜಗಳ. 1996ರ ಅಕ್ಟೋಬರ್‌ನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆಸ್ಟ್ರೇಲಿಯಾ ವಿರುದ್ಧ ಎಂಟು ವಿಕೆಟ್ ಬಿದ್ದಮೇಲೆ ಶ್ರೀನಾಥ್ ಮತ್ತು ಕುಂಬ್ಳೆ ಮುರಿಯದ 52 ರನ್ ಸೇರಿಸಿ ಪಂದ್ಯ ಗೆಲ್ಲಿಸಿದ್ದು ನಮ್ಮ ಮನೆಗಳಲ್ಲಿ ಇನ್ನೂ ಕಥೆಯಾಗಿ ಓಡಾಡುತ್ತೆ. ಇಬ್ಬರು ಬೌಲರ್‌ಗಳು, ಇಬ್ಬರೂ ಎಂಜಿನಿಯರ್‌ಗಳು. ನಾನಂತೂ ಆ ರಾತ್ರಿಯ ಬ್ಯಾಟಿಂಗ್‌ನಲ್ಲಿ ನೆಟ್‌ಗಿಂತ ಗಲ್ಲಿಯನ್ನೇ ಹೆಚ್ಚು ಕಾಣ್ತೀನಿ.

ಕ್ರಿಕೆಟ್ ಒಂದೇ ಅಲ್ಲ. ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಭಾರತ ತಂಡದಲ್ಲಿದ್ದರು. ಮರಕೋತಿ, ಲಗೋರಿ, ಕಳ್ಳ-ಪೊಲೀಸ್ ಆಡಿ ಬೆಳೆದ ಕಾಲಿಗೆ ಖೋ ಖೋ ಬೇರೆ ಭಾಷೆ ಅಲ್ಲ. ಅದೇ ಓಟ, ಅದೇ ತಪ್ಪಿಸಿಕೊಳ್ಳುವಿಕೆ, ಅಳತೆ ಮಾತ್ರ ಬಿಗಿ.

ಅಕಾಡೆಮಿಯ ಗಣಿತ

ಈಗ ನನ್ನಕ್ಕನ ಮಗನ ಕಡೆ ಬರೋಣ. ಅವನ ವೇಳಾಪಟ್ಟಿ ಹೀಗಿತ್ತು: ವಾರದಲ್ಲಿ ನಾಲ್ಕು ದಿನ ಬೆಳಿಗ್ಗೆ ಎರಡೆರಡು ಗಂಟೆ, ಶನಿವಾರ ಭಾನುವಾರ ಮೂರು ಮೂರು ಗಂಟೆ. ಒಟ್ಟು 14 ಗಂಟೆ. ಕೇಳೋಕೆ ತುಂಬಾ ಅನ್ನಿಸುತ್ತೆ. ಆದರೆ ಒಂದು ಶನಿವಾರ ಹೋಗಿ ಬೇಲಿ ಪಕ್ಕ ಕೂತು ಎಣಿಸಿದೆ. 30 ಮಕ್ಕಳು, ಮೂರು ನೆಟ್, ನೆಟ್ ಅಭ್ಯಾಸಕ್ಕೆ ಎರಡು ಗಂಟೆ. ಮೂರು ನೆಟ್‌ಗಳ 360 ನಿಮಿಷವನ್ನು 30 ಜನಕ್ಕೆ ಹಂಚಿದರೆ ಒಬ್ಬನಿಗೆ 12 ನಿಮಿಷದ ಬ್ಯಾಟಿಂಗ್. ಉಳಿದ ಹೊತ್ತು ಬೌಲಿಂಗ್ ಸರದಿ, ಓಟ, ಸಾಲಿನಲ್ಲಿ ನಿಂತು ಕಾಯುವುದು. ಪಾಪ, ಕೋಚ್ ಒಳ್ಳೆಯವರೇ, ಯಾರನ್ನೂ ಬೈಯೋದಿಲ್ಲ. ಅವರ ಕೈಯಲ್ಲಿರುವ ಜಾಗದಲ್ಲಿ ಇಷ್ಟೇ ಸಾಧ್ಯ. ಆದರೆ ಅದೇ ಎರಡು ಗಂಟೆ ಆರು ಜನ ಒಂದು ರಬ್ಬರ್ ಚೆಂಡು ಹಿಡಿದು ಆಡಿದರೆ ಎಷ್ಟು ಚೆಂಡು ಮುಟ್ಟುತ್ತಾರೆ ಅಂತ ನೀವೇ ಲೆಕ್ಕ ಹಾಕಿ.

ಅಪಾರ್ಟ್‌ಮೆಂಟಿನಲ್ಲಿ ಆಟಕ್ಕೆ ಜಾಗ ಇದೆಯಾ ಅಂದ್ರೆ, ಇದೆ, ಬೋರ್ಡೂ ಇದೆ: ‘ಚೆಂಡಾಟ ನಿಷೇಧ’. ಕಾರಿನ ಗಾಜು ಅನ್ನೋ ಕಾರಣ. ಹಾಗಾಗಿ ಹುಡುಗನಿಗೆ ಅಕಾಡೆಮಿಯ 14 ಗಂಟೆ ಬಿಟ್ಟರೆ ಶಾಲೆಯ ಎರಡು ಪಿ.ಟಿ. ಪೀರಿಯಡ್.

ಒಂಬತ್ತು ತುಂಬಿದ ಮೇಲೆ ಹಿಮ್ಮಡಿ ನೋವು ಶುರುವಾಯ್ತು. ಬೆಳಿಗ್ಗೆ ಎದ್ದರೆ ಕುಂಟೋದು. ಮೂಳೆ ಡಾಕ್ಟರ್ ನೋಡಿ, ಗಾಬರಿ ಬೇಡ, ಈ ವಯಸ್ಸಿನಲ್ಲಿ ಹಿಮ್ಮಡಿ ಮೂಳೆಯ ಬೆಳೆಯುವ ಭಾಗ ಇನ್ನೂ ಮೆತ್ತಗಿರುತ್ತೆ, ಒಂದೇ ಥರ ಓಡಿ ಓಡಿ ಎಳೆತ ಬಿದ್ದಿದೆ, ಕೆಲವು ವಾರ ಓಟ ನಿಲ್ಲಿಸಿ ಅಂದರು. ಭಾವನಿಗೆ ಸಮಾಧಾನ ಆಗಲಿಲ್ಲ. ‘ಸೆಲೆಕ್ಷನ್ ಟೈಮು’ ಅಂತ. ಒಂಬತ್ತು ವರ್ಷದವನಿಗೆ ಸೆಲೆಕ್ಷನ್!

ಅಮೆರಿಕದ ವೈದ್ಯ ನೀರು ಜಯಂತಿ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಎರಡು ಸರಳ ಅಳತೆ ಸಿಗುತ್ತವೆ. ವಾರಕ್ಕೆ ಮಗುವಿನ ವಯಸ್ಸಿಗಿಂತ ಹೆಚ್ಚು ಗಂಟೆ ಕ್ರೀಡಾ ತರಬೇತಿ ಆದರೆ ಅತಿ ಬಳಕೆಯ ಗಾಯಗಳ ಅಪಾಯ ಏರುತ್ತೆ. ತರಬೇತಿಯ ಗಂಟೆ ಬಿಡಿ ಆಟದ ಗಂಟೆಗಿಂತ ಎರಡು ಪಟ್ಟು ದಾಟಿದರೂ ಹಾಗೇ. ನಮ್ಮ ಹುಡುಗ ವಯಸ್ಸು 9, ತರಬೇತಿ 14. ಎರಡನೇ ಅಳತೆ ಲೆಕ್ಕ ಹಾಕಲು ಹೋಗಲೇ ಇಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ವಾರಕ್ಕೆ ಒಂದೆರಡು ದಿನ ಪೂರ್ತಿ ರಜೆ ಕೊಡಿ, ಒಂದೇ ಆಟಕ್ಕೆ ಕಟ್ಟಿಹಾಕುವುದನ್ನು 15–16ರವರೆಗೆ ಮುಂದೂಡಿ ಅನ್ನುತ್ತೆ. ವೇಗದ ಬೌಲಿಂಗ್ ಮಾಡುವ ಹದಿಹರೆಯದವರಿಗೆ ಇದು ಇನ್ನೂ ಮುಖ್ಯ. ಬೆನ್ನಿನ ಕೆಳಭಾಗದ ಮೂಳೆ ಗಟ್ಟಿಯಾಗುವ ಮೊದಲು ಓವರ್ ಮೇಲೆ ಓವರ್ ಹಾಕಿಸಿದರೆ ಅಲ್ಲಿ ಬಿರುಕು ಬಿಡುತ್ತೆ. ದೊಡ್ಡವರಿಗೂ ತಪ್ಪಿದ್ದಲ್ಲ, ಶ್ರೀನಾಥ್ 1997ರಲ್ಲಿ ಭುಜದ ಶಸ್ತ್ರಚಿಕಿತ್ಸೆಗೆ ಒಳಗಾಗಿ ತಿಂಗಳುಗಟ್ಟಲೆ ಹೊರಗಿದ್ದರು. ಎರಡು ವರ್ಷದ ನಂತರ ಕೋಲ್ಕತ್ತಾದಲ್ಲಿ ಪಾಕಿಸ್ತಾನದ ವಿರುದ್ಧ ಒಂದೇ ಟೆಸ್ಟ್‌ನಲ್ಲಿ 13 ವಿಕೆಟ್.

ಆಗಸ್ಟ್ 31

ಶ್ರೀನಾಥ್ ಹುಟ್ಟಿದ ತಾರೀಕು ನೆನಪಿದೆಯಲ್ಲ? ಬಿಸಿಸಿಐ ಇವತ್ತು ಕಿರಿಯರ ತಂಡಗಳಿಗೆ ವಯಸ್ಸು ಲೆಕ್ಕ ಹಾಕುವುದು ಸೆಪ್ಟೆಂಬರ್ 1ರಿಂದ. ಸೆಪ್ಟೆಂಬರ್‌ನಲ್ಲಿ ಹುಟ್ಟಿದವನು ಗುಂಪಿನ ಹಿರಿಯ. ಮುಂದಿನ ಆಗಸ್ಟ್ 31ರಂದು ಹುಟ್ಟಿದವನು ಎಲ್ಲರಿಗಿಂತ ಕಿರಿಯ. ಹನ್ನೊಂದು ತಿಂಗಳ ಅಂತರ ಹದಿಮೂರರಲ್ಲಿ ಅಂದ್ರೆ ಮೂರು ನಾಲ್ಕು ಇಂಚು ಎತ್ತರ, ಒಂದಿಷ್ಟು ವೇಗ. ಕೆನಡಾದ ಐಸ್ ಹಾಕಿಯಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ತಂಡಗಳಲ್ಲಿ ಹೆಚ್ಚಿರುವುದನ್ನು 1980ರ ದಶಕದಲ್ಲೇ ರೋಜರ್ ಬಾರ್ನ್ಸ್‌ಲೀ ಗುರುತಿಸಿದ್ದರು. ಬೇಗ ಆಯ್ಕೆಯಾದವನಿಗೆ ಒಳ್ಳೆಯ ಕೋಚ್, ಹೆಚ್ಚು ಪಂದ್ಯ. ಬಿಟ್ಟುಹೋದವನು ಆಟವನ್ನೇ ಬಿಡ್ತಾನೆ. ಇವತ್ತಿನ ಹದಿಮೂರರ ಆಯ್ಕೆ ಶಿಬಿರದಲ್ಲಿ ಆ ಆಗಸ್ಟ್ 31ರ ಹುಡುಗ ನಿಂತಿದ್ದರೆ ಯಾರ ಕಣ್ಣಿಗೆ ಬೀಳುತ್ತಿದ್ದ? ಗೊತ್ತಿಲ್ಲ. ಇಪ್ಪತ್ತರಲ್ಲಿ ಮಾತ್ರ ವಿಶ್ವನಾಥ್ ಅವರ ಕಣ್ಣಿಗೆ ಬಿದ್ದರು.

ಇಲ್ಲಿ ನನ್ನೊಳಗಿನ ಎಂಜಿನಿಯರ್ ಕೈ ಎತ್ತುತ್ತಾನೆ: ನಾಲ್ಕೈದು ಹೆಸರು ಹಿಡಿದು ಸಿದ್ಧಾಂತ ಕಟ್ಟಬೇಡ ಅಂತ. ಸರಿ. ಕುಂಬ್ಳೆ ಅಕ್ಟೋಬರ್ 17, ಜಾನ್ಸನ್ ಮತ್ತು ವೇದಾ ಅಕ್ಟೋಬರ್ 16, ಅಂದ್ರೆ ಇವತ್ತಿನ ಲೆಕ್ಕದಲ್ಲಿ ಗುಂಪಿನ ಹಿರಿಯರು. ಗೆದ್ದವರ ಬಾಲ್ಯ ಮಾತ್ರ ನಮಗೆ ಗೊತ್ತಿರುತ್ತೆ. ಅದೇ ಥರ ಮಟ್ಟೆ ಹಿಡಿದು ಆಡಿ ಎಲ್ಲೂ ತಲುಪದ ಸಾವಿರ ಹುಡುಗರ ಬಾಲ್ಯವನ್ನು ಯಾರೂ ಬರೆದಿಡೋದಿಲ್ಲ. ಅದಕ್ಕೇ ಒಬ್ಬೊಬ್ಬರ ಕಥೆಗಿಂತ ಆ 6,096 ಮಂದಿಯ ಲೆಕ್ಕಕ್ಕೆ ನಾನು ಹೆಚ್ಚು ಬೆಲೆ ಕೊಡೋದು.

ಡೇವಿಡ್ ಜಾನ್ಸನ್ ಅವರ ವೃತ್ತಿಜೀವನ ಇಲ್ಲಿ ನೆನಪಾಗುತ್ತೆ. 1995–96ರ ರಣಜಿಯಲ್ಲಿ ಕೇರಳದ ವಿರುದ್ಧ 152 ರನ್‌ಗೆ 10 ವಿಕೆಟ್. 1996ರ ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ ಆಸ್ಟ್ರೇಲಿಯಾ ವಿರುದ್ಧದ ಟೆಸ್ಟ್‌ಗೆ ಅವರಿಗೆ ಕರೆ ಬಂದದ್ದು ಶ್ರೀನಾಥ್ ಗಾಯಗೊಂಡಿದ್ದಕ್ಕೆ. ಅರಸೀಕೆರೆ ತಾಲ್ಲೂಕಿನ ಒಂದು ಹೆಸರಿನ ಜಾಗಕ್ಕೆ ಇನ್ನೊಂದು. ಡಿಸೆಂಬರ್‌ನಲ್ಲಿ ಡರ್ಬನ್‌ನಲ್ಲಿ ಇಬ್ಬರೂ ಒಟ್ಟಿಗೆ ಆಡಿದರು. ಅದೇ ಜಾನ್ಸನ್ ಅವರ ಎರಡನೇ ಮತ್ತು ಕೊನೆಯ ಟೆಸ್ಟ್. ವೇಗವಿತ್ತು, ಜನ ಅದನ್ನು ಇನ್ನೂ ನೆನೆಯುತ್ತಾರೆ. 39 ಪ್ರಥಮ ದರ್ಜೆ ಪಂದ್ಯಗಳಲ್ಲಿ 125 ವಿಕೆಟ್ ಪಡೆದರು. 2024ರ ಜೂನ್‌ನಲ್ಲಿ ತೀರಿಕೊಂಡರು. ಆಟ, ಅಭ್ಯಾಸ, ಪ್ರತಿಭೆ ಎಲ್ಲ ಇದ್ದೂ ಬಾಗಿಲು ಎಷ್ಟು ಹೊತ್ತು ತೆರೆದಿರುತ್ತೆ ಅನ್ನೋದು ಯಾರ ಕೈಲೂ ಇರೋದಿಲ್ಲ.

ಹಳ್ಳಿಯ ಆಟವನ್ನೇ ಹೊಗಳಿ ಕೂರೋದೂ ಸರಿಯಲ್ಲ. ಬೆಂಗಳೂರಿನ ಹುಡುಗನಿಗೆ ಅಭ್ಯಾಸ ಇದೆ, ಆಟ ಇಲ್ಲ. ಜಾವಗಲ್‌ನ ಹುಡುಗನಿಗೆ ಆಟ ಇದೆ, ಅಭ್ಯಾಸ ಇಲ್ಲ. ಹದಿಮೂರು ಹದಿನಾಲ್ಕರ ಹೊತ್ತಿಗೆ ಲೆದರ್ ಬಾಲ್, ಸರಿಯಾದ ಪಿಚ್, ಕೈ ತಿದ್ದುವವರು ಬೇಕೇ ಬೇಕು. ಕಡೂರಿನ ಹುಡುಗಿ ಅದಕ್ಕಾಗಿ 200 ಕಿಲೋಮೀಟರ್ ಆಚೆಯ ಬೆಂಗಳೂರಿಗೆ ಹೋಗಬೇಕಾಯ್ತು. ಅಂಥ ಮನೆ, ಅಂಥ ಧೈರ್ಯ ಎಷ್ಟು ಮಕ್ಕಳಿಗಿರುತ್ತೆ? ನಮ್ಮ ಕಡೆಯ ಹುಡುಗರು ಟೆನಿಸ್ ಬಾಲ್ ಟೂರ್ನಮೆಂಟ್‌ಗಳಲ್ಲಿ ಹೊಡೆಯುವ ಸಿಕ್ಸರ್ ನೋಡಿದರೆ ಹೊಟ್ಟೆ ಉರಿಯುತ್ತೆ. ಹೋಬಳಿಗೊಂದು ಮ್ಯಾಟಿಂಗ್ ಪಿಚ್, ವಾರಕ್ಕೆರಡು ದಿನ ಬರುವ ಒಬ್ಬ ಕೋಚ್, ಇಷ್ಟು ಸಾಕಿತ್ತು. ದೊಡ್ಡ ಕ್ರೀಡಾಂಗಣದ ಶಂಕುಸ್ಥಾಪನೆಗಿಂತ ಇದಕ್ಕೆ ಖರ್ಚು ಬಹಳ ಕಡಿಮೆ.

ಅಕ್ಕನ ಮಗನ ವಿಷಯದಲ್ಲಿ ಕೊನೆಗೆ ಏನಾಯ್ತು ಅಂದ್ರೆ, ಅಕಾಡೆಮಿ ಬಿಡಿಸಲಿಲ್ಲ. ವಾರಕ್ಕೆ ಮೂರು ದಿನಕ್ಕೆ ಇಳಿಸಿದರು, ಒಟ್ಟು ಏಳು ಗಂಟೆ. ಒಂದು ದಿನ ಈಜು ಸೇರಿತು. ಹಿಮ್ಮಡಿ ಈಗ ಪರವಾಗಿಲ್ಲ. ದಸರಾ ರಜಕ್ಕೆ ಊರಿಗೆ ಕರ್ಕೊಂಡು ಹೋಗಿದ್ದೆ. ಮೊದಲ ದಿನ ಬಾವಿ ಕಡೆ ಕವರ್ ಡ್ರೈವ್ ಹೊಡೆದು ಔಟಾಗಿ, ‘ಇದು ಯಾವ ರೂಲ್?’ ಅಂತ ಅರ್ಧ ಗಂಟೆ ಜಗಳ ಆಡಿದ. ನಾಲ್ಕನೇ ದಿನ ಅವನೇ ಹೊಸಬನೊಬ್ಬನಿಗೆ ಆ ನಿಯಮ ವಿವರಿಸ್ತಿದ್ದ.

ಉಳಿದಿರೋದು ಅವರ ಅಪಾರ್ಟ್‌ಮೆಂಟಿನ ಬೋರ್ಡು. ಸಂಜೆ ಐದರಿಂದ ಆರೂವರೆವರೆಗೆ ಹಿಂದಿನ ಡ್ರೈವ್‌ವೇಯಲ್ಲಿ ಮೆತ್ತನೆ ಚೆಂಡಿಗೆ ಅವಕಾಶ ಕೊಡಿ, ಆ ಹೊತ್ತು ಅಲ್ಲಿ ಕಾರು ನಿಲ್ಲಿಸಬೇಡಿ ಅಂತ ಹನ್ನೊಂದು ಮನೆಯವರು ಸಹಿ ಹಾಕಿ ಕೊಟ್ಟಿದ್ದಾರೆ. ಭಾವನೇ ಮನೆ ಮನೆ ಸುತ್ತಿ ಸಹಿ ಮಾಡಿಸಿದ್ದು. ಬರುವ ಭಾನುವಾರ ಸಂಘದ ಮೀಟಿಂಗ್ ಇದೆ. ನೀರಿನ ಟ್ಯಾಂಕರ್ ಬಿಲ್ಲು, ಲಿಫ್ಟ್ ರಿಪೇರಿ ಆದ ಮೇಲೆ ಐದನೇ ವಿಷಯವಾಗಿ ಅದು ಬರುತ್ತೆ.